ಮೂರು ರಾಜ್ಯಗಳ ಒಂದೇ ಕಾಡು: ಬಂಡೀಪುರಕ್ಕೊಂದು ಕುಟುಂಬ ಪ್ರವಾಸ

ನಮ್ಮ ಕಾಸರಗೋಡಿನ ಕಡೆಯ ಮನೆಗಳಲ್ಲಿ ರಜೆಯ ಪ್ರವಾಸವೆಂದರೆ ಹೆಚ್ಚಾಗಿ ಕ್ಷೇತ್ರದರ್ಶನವೇ. ಧರ್ಮಸ್ಥಳ, ಸುಬ್ರಹ್ಮಣ್ಯ, ಕೊಲ್ಲೂರು, ಇನ್ನೂ ಮುಂದೆ ಹೋದರೆ ಶೃಂಗೇರಿ. ಇವುಗಳ ಕುರಿತು ಈ ಪತ್ರಿಕೆಯ ಓದುಗರಿಗೆ ಹೊಸತಾಗಿ ಹೇಳಬೇಕಾದುದೇನೂ ಇಲ್ಲ. ಮಕ್ಕಳು ಬೆಳೆಯುತ್ತ ಬಂದಂತೆ ಅವರಿಗೆ ತೋರಿಸಲೇಬೇಕಾದ ಇನ್ನೊಂದು ಬಗೆಯ ಸ್ಥಳವಿದೆ. ಅದು ಕಾಡು. ಹುಲಿ, ಆನೆ, ಕಾಟಿಗಳನ್ನು ನಮ್ಮ ಮಕ್ಕಳು ಪಾಠಪುಸ್ತಕದ ಚಿತ್ರದಲ್ಲಿ ಕಂಡಿದ್ದಾರೆ, ಫೋನಿನ ತೆರೆಯಲ್ಲಿ ಕಂಡಿದ್ದಾರೆ. ಅವು ಬದುಕುವ ನೆಲವನ್ನು ಕಂಡವರು ಕಡಿಮೆ.

ಈ ಉದ್ದೇಶದಿಂದ ನಾವು ಮೂರು ಮನೆಯವರು ಸೇರಿ 2023ರ ಕ್ರಿಸ್ಮಸ್ ರಜೆಯಲ್ಲಿ ಬಂಡೀಪುರಕ್ಕೆ ಹೋಗಿದ್ದೆವು. ಒಂದೇ ಶಾಲೆಯಲ್ಲಿ ಪಾಠ ಹೇಳುವ ಮೂವರು, ಅವರವರ ಮನೆಯವರು, ನಾಲ್ಕನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗಿನ ಆರು ಮಕ್ಕಳು, ಜೊತೆಗೆ ಸಹೋದ್ಯೋಗಿಯೊಬ್ಬರ ತಾಯಿ, ಎಪ್ಪತ್ತೆರಡು ವರ್ಷದ ಅಜ್ಜಿ. ಒಟ್ಟು ಹದಿಮೂರು ಮಂದಿ. ಆ ಪ್ರವಾಸದ ಅನಂತರ ಆ ಕಾಡಿನಲ್ಲಿಯೂ ಅದರ ಅಂಚಿನಲ್ಲಿಯೂ ನಡೆದ ಸಂಗತಿಗಳನ್ನು ಪತ್ರಿಕೆಗಳಲ್ಲಿ ಓದುತ್ತ ಬಂದ ಮೇಲೆ, ನಾವು ಕಂಡುದನ್ನು ಬರೆಯಬೇಕೆನಿಸಿತು. ಅಲ್ಲಿಗೆ ಹೋಗಲಿರುವ ಕುಟುಂಬಗಳಿಗೆ ಇದರಿಂದ ಸ್ವಲ್ಪ ಉಪಯೋಗವಾದೀತು.

ಹೋಗುವ ದಾರಿ

ನಮ್ಮ ಜಿಲ್ಲೆಯಿಂದ ಬಂಡೀಪುರಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಸುಳ್ಯ, ಮಡಿಕೇರಿ, ಮೈಸೂರು ಹಾದು ಗುಂಡ್ಲುಪೇಟೆಗೆ ಬರುವುದು ಒಂದು. ಕಣ್ಣೂರು, ಕೂತುಪರಂಬ, ಮಾನಂದವಾಡಿ, ಸುಲ್ತಾನ್ ಬತ್ತೇರಿ ಹಾದು ಬರುವುದು ಇನ್ನೊಂದು. ಹೋಗುವಾಗ ವಯನಾಡಿನ ದಾರಿ, ಬರುವಾಗ ಕೊಡಗಿನ ದಾರಿ ಎಂದು ನಾವು ನಿಶ್ಚಯಿಸಿದೆವು. ಹೀಗೆ ಮಾಡಿದರೆ ಕಾಡಿನ ಪಡುವಣ ಮಗ್ಗುಲೂ ಮೂಡಣ ಮಗ್ಗುಲೂ ಒಂದೇ ಪ್ರವಾಸದಲ್ಲಿ ಕಾಣಸಿಗುತ್ತವೆ.

ಸುಲ್ತಾನ್ ಬತ್ತೇರಿ ಎಂಬ ಹೆಸರು ನಮ್ಮ ಮಕ್ಕಳಿಗೆ ಅಪರಿಚಿತವಲ್ಲ. ಮಂಗಳೂರಿನ ಬೋಳೂರಿನಲ್ಲಿಯೂ ಹೊಳೆಯ ಬದಿಯಲ್ಲಿ ಅದೇ ಹೆಸರಿನ ಕಾವಲು ಕೋಟೆಯಿದೆ. ವಯನಾಡಿನ ಈ ಊರಿನ ಹಳೆಯ ಹೆಸರು ಗಣಪತಿವಟ್ಟಂ. ಟಿಪ್ಪುವಿನ ಸೇನೆ ಇಲ್ಲಿಯ ಹಳೆಯ ಜೈನ ಬಸದಿಯನ್ನು ಮದ್ದುಗುಂಡಿನ ಉಗ್ರಾಣವಾಗಿ ಬಳಸಿದ್ದರಿಂದ ಊರಿಗೆ ಈಗಿನ ಹೆಸರು ಬಂತು. ಆ ಕಲ್ಲಿನ ಬಸದಿ ಇಂದಿಗೂ ಇದೆ, ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಕನ್ನಡ ನಾಡಿನಿಂದ ಹೋಗಿ ಅಲ್ಲಿ ನೆಲೆಸಿದ ಜೈನರ ಮನೆಗಳು ವಯನಾಡಿನಲ್ಲಿ ಈಗಲೂ ಇವೆ. ಅರ್ಧ ಗಂಟೆ ಬಿಡುವು ಮಾಡಿಕೊಂಡು ಮಕ್ಕಳಿಗೆ ಅದನ್ನು ತೋರಿಸಬಹುದು. ನಾವು ಅಲ್ಲಿಯ ನೆರಳಿನಲ್ಲಿ ಸ್ವಲ್ಪ ಹೊತ್ತು ಕುಳಿತು ದಣಿವಾರಿಸಿಕೊಂಡೆವು.

ಬತ್ತೇರಿಯ ಚಹಾದ ಅಂಗಡಿಯಲ್ಲಿ ಆಗ ಒಂದೇ ಮಾತು, ಹುಲಿಯದು. ನಾವು ಹೋಗುವ ಎರಡು ವಾರ ಮೊದಲು, ಡಿಸೆಂಬರ್ 9ರಂದು, ಸಮೀಪದ ವಾಕೇರಿಯಲ್ಲಿ ದನಕ್ಕೆ ಹುಲ್ಲು ಕೊಯ್ಯಲು ಹೋಗಿದ್ದ ಯುವಕನೊಬ್ಬನನ್ನು ಹುಲಿ ಕೊಂದಿತ್ತು. ಹತ್ತು ದಿನಗಳ ಹುಡುಕಾಟದ ಬಳಿಕ ಆ ಹುಲಿ ಬೋನಿಗೆ ಬಿದ್ದಿತ್ತು. ಕಾಡು ನೋಡಲು ಹೊರಟಿದ್ದೇವೆಂದು ಕೇಳಿ ಅಂಗಡಿಯವನು ನಕ್ಕ. "ನೀವು ಹಣ ಕೊಟ್ಟು ನೋಡಲು ಹೋಗುತ್ತೀರಿ, ನಮ್ಮ ಕೊಟ್ಟಿಗೆಗೆ ಅದು ಪುಕ್ಕಟೆಯಾಗಿ ಬರುತ್ತದೆ" ಎಂದು ಮಲೆಯಾಳದಲ್ಲಿ ಹೇಳಿದ. ಮಕ್ಕಳು ನಕ್ಕರು. ದೊಡ್ಡವರಿಗೆ ನಗು ಬರಲಿಲ್ಲ.

ಬತ್ತೇರಿಯಿಂದ ಸುಮಾರು ಹದಿನೈದು ಕಿಲೋಮೀಟರು ಹೋದರೆ ಮುತ್ತಂಗ. ಅಲ್ಲಿಂದ ಮುಂದೆ ರಸ್ತೆಯ ಎರಡು ಕಡೆಗಳಲ್ಲಿಯೂ ವಯನಾಡು ವನ್ಯಜೀವಿ ಧಾಮ. 1973ರಲ್ಲಿ ಘೋಷಿಸಲ್ಪಟ್ಟ ಈ ಧಾಮದ ವಿಸ್ತಾರ 344 ಚದರ ಕಿಲೋಮೀಟರು. ಅದು ಎರಡು ತುಂಡುಗಳಾಗಿದೆ. ಉತ್ತರದ ತುಂಡು ನಾಗರಹೊಳೆಗೆ ಅಂಟಿಕೊಂಡಿದ್ದರೆ ದಕ್ಷಿಣದ ತುಂಡು ಬಂಡೀಪುರಕ್ಕೂ ತಮಿಳುನಾಡಿನ ಮುದುಮಲೆಗೂ ಅಂಟಿಕೊಂಡಿದೆ. ಪೊನ್‌ಕುಳಿ ದಾಟಿ ಸ್ವಲ್ಪ ದೂರದಲ್ಲಿ ಮೂಲೆಹೊಳೆಯ ತಪಾಸಣೆ ಗೇಟು. ಇಲ್ಲಿಗೆ ಕೇರಳ ಮುಗಿದು ಕರ್ನಾಟಕ ಮೊದಲಾಗುತ್ತದೆ. ಅದೇ ತೇಗ, ಅದೇ ಬಿದಿರು, ಅದೇ ಕೆಂಪು ಮಣ್ಣು. ಫಲಕದ ಅಕ್ಷರ ಮಾತ್ರ ಮಲೆಯಾಳದಿಂದ ಕನ್ನಡಕ್ಕೆ ಬದಲಾಗುತ್ತದೆ. ಆಚೆಯ ಫಲಕವನ್ನೂ ಈಚೆಯ ಫಲಕವನ್ನೂ ನಮ್ಮ ಮಕ್ಕಳು ಸ್ಪರ್ಧೆ ಕಟ್ಟಿ ಗಟ್ಟಿಯಾಗಿ ಓದಿದರು.

ಅರಸರ ಬೇಟೆಕಾಡು

ಬಂಡೀಪುರ ಒಂದು ಕಾಲದಲ್ಲಿ ಮೈಸೂರಿನ ಅರಸರ ಬೇಟೆಯ ಕಾಡಾಗಿತ್ತು. ಬೇಟೆಯಾಡುತ್ತಿದ್ದ ಕಾಡನ್ನೇ ಕಾಯ್ದಿಡಬೇಕೆಂಬ ವಿವೇಕವೂ ಆ ಸಂಸ್ಥಾನದಲ್ಲಿಯೇ ಹುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1931ರಲ್ಲಿ, ಇಲ್ಲಿಯ 90 ಚದರ ಕಿಲೋಮೀಟರು ಕಾಡನ್ನು ವನ್ಯಪ್ರಾಣಿಗಳ ಆಶ್ರಯವೆಂದು ಬೇರೆಯಾಗಿಟ್ಟರು. ಪಕ್ಕದ ಬೆಟ್ಟದ ದೇವರ ಹೆಸರಿನಿಂದ ಅದು ವೇಣುಗೋಪಾಲ ವನ್ಯಜೀವಿ ಉದ್ಯಾನವೆನಿಸಿತು. ಮೋಯಾರು ಹೊಳೆಯ ಆಚೆ, ಅಂದಿನ ಮದರಾಸು ಪ್ರಾಂತದ ಮುದುಮಲೆಯಲ್ಲಿ, 1940ರಲ್ಲಿ ಇನ್ನೊಂದು ಅಭಯಾರಣ್ಯ ಏರ್ಪಟ್ಟಿತು.

1973 ಭಾರತದ ಕಾಡಿನ ಚರಿತ್ರೆಯಲ್ಲಿ ಮರೆಯಲಾಗದ ವರ್ಷ. ಆ ವರ್ಷ ಕೇಂದ್ರ ಸರಕಾರ ಹುಲಿ ಯೋಜನೆಯನ್ನು ಆರಂಭಿಸಿ ದೇಶದಲ್ಲಿ ಒಂಬತ್ತು ಕಾಡುಗಳನ್ನು ಆರಿಸಿತು. ಅವುಗಳಲ್ಲಿ ಬಂಡೀಪುರವೂ ಒಂದು. ಡಾ. ರಾಜಕುಮಾರರು ಅರಣ್ಯಾಧಿಕಾರಿಯಾಗಿ ಕಾಣಿಸಿಕೊಂಡ 'ಗಂಧದ ಗುಡಿ' ಚಿತ್ರ ತೆರೆಗೆ ಬಂದದ್ದೂ ಅದೇ ವರ್ಷ. ಕಾಡು ಕಾಯುವವನು ಕಥಾನಾಯಕನಾಗಬಹುದೆಂದು ಅದರಿಂದ ಕನ್ನಡಿಗರ ಮನೆಮನೆಗೂ ತಿಳಿಯಿತು.

ಹುಲಿ ಯೋಜನೆ ಆರಂಭವಾದಾಗ ಬಂಡೀಪುರದಲ್ಲಿದ್ದ ಹುಲಿಗಳು ಹನ್ನೆರಡರಷ್ಟು. 2022ರ ಗಣತಿಯಂತೆ ಅಲ್ಲಿ 150 ಹುಲಿಗಳಿವೆ. ದೇಶದಲ್ಲಿ ಕಾರ್ಬೆಟ್ ಒಂದನ್ನು ಬಿಟ್ಟರೆ ಬೇರಾವ ಹುಲಿಧಾಮದಲ್ಲಿಯೂ ಇಷ್ಟು ಹುಲಿಗಳಿಲ್ಲ. ಹುಲಿಯನ್ನು ಉಳಿಸಲು ಹುಲಿಯನ್ನು ಸಾಕಬೇಕಾಗಿಲ್ಲ. ಅದು ತಿನ್ನುವ ಜಿಂಕೆ, ಕಡವೆ, ಕಾಟಿಗಳು ಉಳಿಯಬೇಕು. ಅವು ಮೇಯುವ ಹುಲ್ಲು, ಕುಡಿಯುವ ನೀರು ಉಳಿಯಬೇಕು. ಅಷ್ಟನ್ನು ಕಾಯ್ದರೆ ಹುಲಿ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಮಕ್ಕಳಿಗೆ ತರಗತಿಯಲ್ಲಿ ಆಹಾರ ಸರಪಳಿಯ ಪಾಠವನ್ನು ಎಷ್ಟು ಸಲ ಮಾಡಿದರೂ ಆಗದ ಮನವರಿಕೆ ಅಲ್ಲಿ ಒಂದು ಹೊತ್ತಿನಲ್ಲಿ ಆಗುತ್ತದೆ.

ಬೆಳಗಿನ ಸವಾರಿ

ರಾತ್ರಿ ಗುಂಡ್ಲುಪೇಟೆಯ ವಸತಿಗೃಹದಲ್ಲಿ ತಂಗಿ ಮುಂಜಾನೆ ಊಟಿ ರಸ್ತೆ ಹಿಡಿದೆವು. ನಾವು ಹೋದಾಗ ಸಫಾರಿಯ ಟಿಕೆಟು ಕೊಡುತ್ತಿದ್ದುದು ಮೇಲುಕಾಮನಹಳ್ಳಿಯಲ್ಲಿ. ಅರಣ್ಯ ಇಲಾಖೆಯ ಬಸ್ಸಿನಲ್ಲಿಯೇ ಕಾಡಿನೊಳಗೆ ಹೋಗಬೇಕು. ನಮ್ಮ ವಾಹನಕ್ಕೆ ಒಳಗೆ ಪ್ರವೇಶವಿಲ್ಲ, ಬಸ್ಸಿನಿಂದ ಇಳಿಯುವಂತೆಯೂ ಇಲ್ಲ. ಡಿಸೆಂಬರಿನ ಚಳಿ ನಮ್ಮ ಕರಾವಳಿಯವರಿಗೆ ಹೊಸತು. ಅಜ್ಜಿ ಶಾಲು ಹೊದೆದು ಕಿಟಿಕಿಯ ಬದಿಯಲ್ಲಿ ಕುಳಿತರು.

ಮೊದಲು ಸಿಕ್ಕಿದ್ದು ಜಿಂಕೆಗಳು. ಐವತ್ತಕ್ಕೂ ಮಿಕ್ಕಿ ಇದ್ದುವು. ಅವುಗಳ ತಲೆಯ ಮೇಲಿನ ಮರದಲ್ಲಿ ಮುಸುವಗಳ ಹಿಂಡು. ಈ ಎರಡು ಪ್ರಾಣಿಗಳ ಸ್ನೇಹ ಕಾಡಿನಲ್ಲಿ ಪ್ರಸಿದ್ಧ. ಮುಸುವ ಮೇಲಿನಿಂದ ಚಿಗುರು, ಕಾಯಿಗಳನ್ನು ಅರ್ಧ ತಿಂದು ಬಿಸಾಡುತ್ತದೆ, ಕೆಳಗೆ ಜಿಂಕೆ ಅದನ್ನು ತಿನ್ನುತ್ತದೆ. ಮೇಲಿರುವ ಮುಸುವಕ್ಕೆ ಕಣ್ಣು ದೂರ ಹಾಯುತ್ತದೆ, ಕೆಳಗಿರುವ ಜಿಂಕೆಗೆ ಮೂಗು ಚುರುಕು. ಹುಲಿಯೋ ಚಿರತೆಯೋ ಹತ್ತಿರ ಸುಳಿದರೆ ಎರಡರಲ್ಲಿ ಒಂದು ಕೂಗಿ ಇನ್ನೊಂದನ್ನು ಎಚ್ಚರಿಸುತ್ತದೆ. ಆ ಕೂಗನ್ನು ಕೇಳಿಯೇ ಬಸ್ಸಿನವರು ಹುಲಿಯ ಜಾಡನ್ನು ಅಂದಾಜು ಮಾಡುವುದು.

ಆಮೇಲೆ ನವಿಲು, ಕಾಡುಕೋಳಿ, ಕಾಡುಹಂದಿಯ ಸಂಸಾರ. ಕೆರೆಯ ಬದಿಯಲ್ಲಿ ನಾಲ್ಕು ಕಾಟಿಗಳು, ಮೊಣಕಾಲಿನಿಂದ ಕೆಳಗೆ ಬಿಳಿಯ ಕಾಲುಚೀಲ ಹಾಕಿದಂತೆ. ಒಂದು ತಿರುವಿನಲ್ಲಿ ಸೀಳುನಾಯಿಗಳು ಮೂರು, ನಮ್ಮೂರಿನ ನಾಯಿಗಳಂತೆಯೇ ರಸ್ತೆಯ ನಡುವೆ ಮಲಗಿದ್ದುವು. ಬಸ್ಸು ನಿಂತಿತು. ಅವು ಏಳಲಿಲ್ಲ. ದಾರಿ ಅವುಗಳದು, ಕಾಯಬೇಕಾದವರು ನಾವು ಎಂದು ಮಕ್ಕಳಿಗೆ ಹೇಳಬೇಕಾಗಲಿಲ್ಲ.

ಹುಲಿ ಕಾಣಿಸಲಿಲ್ಲ. ಮಣ್ಣಿನ ದಾರಿಯಲ್ಲಿ ಅದರ ಹೆಜ್ಜೆ ಕಾಣಿಸಿತು. ಬಸ್ಸಿನಲ್ಲಿದ್ದ ಕೆಲವು ಪ್ರವಾಸಿಗರು ಕೊಟ್ಟ ಹಣ ದಂಡವಾಯಿತೆಂದು ಗೊಣಗಿದರು. ನಾಲ್ಕನೆಯ ತರಗತಿಯ ನಮ್ಮ ಹುಡುಗಿ ಮಾತ್ರ ಆ ಹೆಜ್ಜೆಯನ್ನು ನೋಡಿ, "ಅದು ನಮ್ಮನ್ನು ನೋಡಿರಬಹುದಲ್ಲಾ ಅಜ್ಜಿ" ಎಂದಳು. ನೂರೈವತ್ತು ಹುಲಿಗಳಿದ್ದರೂ ಸುಮಾರು 870 ಚದರ ಕಿಲೋಮೀಟರಿನ ಉದ್ಯಾನದಲ್ಲಿ ಒಂದು ಹುಲಿ ಒಂದು ದಾರಿಯ ಬದಿಗೆ ನಾವು ಹೋದ ಹೊತ್ತಿಗೇ ಬರಬೇಕೆಂದರೆ ಅದು ಅದೃಷ್ಟದ ಮಾತು. ಹುಲಿಯೊಂದನ್ನೇ ನಂಬಿ ಹೋದವರು ನಿರಾಶರಾಗಿ ಬರುತ್ತಾರೆ. ಕಾಡನ್ನು ನೋಡಲು ಹೋದವರಿಗೆ ಪ್ರತಿ ತಿರುವಿನಲ್ಲಿಯೂ ಏನಾದರೂ ಇದ್ದೇ ಇರುತ್ತದೆ. ಹೊರಡುವ ಮೊದಲೇ ಮಕ್ಕಳಿಗೆ ಇದನ್ನು ಹೇಳಿರಬೇಕು.

ಕೊನೆಗೆ ಆನೆ. ತಾಯಿ, ಮರಿ, ಜೊತೆಗೆ ಇನ್ನೆರಡು ಹೆಣ್ಣಾನೆಗಳು. ಮರಿಯನ್ನು ನಡುವೆ ಹಾಕಿಕೊಂಡು ಬಿದಿರಿನ ಮೆಳೆಯ ಕಡೆಗೆ ನಡೆದುವು. ಅಜ್ಜಿಯ ತೋಟವಿರುವುದು ದೇಲಂಪಾಡಿಯ ಕಡೆ. ಅಲ್ಲಿಯ ಕಾಡಂಚಿನವರಿಗೆ ಆನೆಯ ಉಪದ್ರ ಏನೆಂದು ಓದುಗರಿಗೆ ಗೊತ್ತಿದೆ. ಅಡೂರು, ಕಾರಡ್ಕ, ಮುಳಿಯಾರುಗಳಲ್ಲಿ ಬಾಳೆ, ಅಡಿಕೆ, ತೆಂಗು ಕಳೆದುಕೊಂಡವರು ಎಷ್ಟೋ ಮಂದಿ. ಅಜ್ಜಿ ಬಹಳ ಹೊತ್ತು ನೋಡಿ ಹೇಳಿದರು: "ನಮ್ಮ ತೋಟಕ್ಕೆ ಬಂದ ದಿನ ಇದೇ ಜಾತಿಯಲ್ಲವೋ ಮಾಷ್ಟ್ರೇ ಬಾಳೆಯನ್ನೆಲ್ಲ ಮುಗಿಸಿ ಹೋದದ್ದು. ಅದರ ಮನೆಗೆ ಬಂದು ನೋಡುವಾಗ ಸಿಟ್ಟು ಬರುವುದಿಲ್ಲ."

ಗೋಪಾಲಸ್ವಾಮಿ ಬೆಟ್ಟ

ಮಧ್ಯಾಹ್ನ ಹಂಗಳದಿಂದ ತಿರುಗಿ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದೆವು. ಸಮುದ್ರ ಮಟ್ಟದಿಂದ 1,454 ಮೀಟರು ಎತ್ತರದ ಈ ಬೆಟ್ಟದ ನೆತ್ತಿಯಲ್ಲಿ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿಯ ಗುಡಿಯಿದೆ. ಅರಸರು ಕಾಡಿಗೆ ಇಟ್ಟ ಮೊದಲ ಹೆಸರು ಈ ದೇವರದೇ. ವರ್ಷದ ಹೆಚ್ಚಿನ ದಿನಗಳಲ್ಲಿ ಮಂಜು ಮುಸುಕಿರುವುದರಿಂದ ಹಿಮವದ್ ಎಂಬ ವಿಶೇಷಣ ಬಂದಿದೆ. ಖಾಸಗಿ ವಾಹನಗಳನ್ನು ಬೆಟ್ಟದ ತಪ್ಪಲಿನಲ್ಲಿಯೇ ನಿಲ್ಲಿಸಿ ಸರಕಾರಿ ಬಸ್ಸಿನಲ್ಲಿ ಮೇಲೆ ಹೋಗಬೇಕು. ವೃದ್ಧರಿಗೂ ಮಕ್ಕಳಿಗೂ ಇದು ಅನುಕೂಲವೇ. ಪ್ರತಿಯೊಬ್ಬರೂ ತಮ್ಮ ತಮ್ಮ ಕಾರಿನಲ್ಲಿ ಹತ್ತಿದರೆ ಆ ಬೆಟ್ಟದಲ್ಲಿ ಗಾಳಿಯ ಸದ್ದು ಕೇಳಿಸದು.

ದರ್ಶನ ಮುಗಿಸಿ ಗುಡಿಯ ಹೊರಗೆ ನಿಂತರೆ ಕಣ್ಣು ಹಾಯುವಷ್ಟು ದೂರ ಗುಡ್ಡೆಯ ಸಾಲು. ಹುಲ್ಲಿನ ಇಳಿಜಾರುಗಳಲ್ಲಿ ಗೆರೆ ಎಳೆದಂತೆ ಕಾಲುದಾರಿಗಳು ಕಾಣಿಸುತ್ತವೆ. ಮನುಷ್ಯರು ಮಾಡಿದ ದಾರಿಗಳಲ್ಲ ಅವು, ಆನೆಗಳ ದಾರಿ. ಹಿರಿಯ ಹೆಣ್ಣಾನೆ ಹಿಂಡನ್ನು ನಡೆಸುತ್ತದೆ. ಅದಕ್ಕೆ ನೀರು ಎಲ್ಲಿ, ಮೇವು ಎಲ್ಲಿ ಎಂಬುದು ತನ್ನ ತಾಯಿಯ ಬೆನ್ನ ಹಿಂದೆ ನಡೆದು ತಿಳಿದದ್ದು. ಹೀಗೆ ತಲೆಮಾರುಗಳಿಂದ ತುಳಿದು ಗಟ್ಟಿಯಾದ ದಾರಿಗಳು.

ಈ ಬೆಟ್ಟದ ಸುತ್ತಮುತ್ತ 2019ರ ಫೆಬ್ರವರಿಯಲ್ಲಿ ದೊಡ್ಡ ಬೆಂಕಿ ಬಿದ್ದಿತ್ತು. ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಕೆಲವೇ ದಿನಗಳಲ್ಲಿ ಸುಟ್ಟುಹೋಯಿತು. ಒಣಗಿದ ಹುಲ್ಲು, ಕಾಡನ್ನೆಲ್ಲ ಮುಸುಕಿದ ಲಂಟಾನದ ಪೊದೆ, ಬೇಸಗೆಯ ಗಾಳಿ, ಇವು ಮೂರೂ ಸೇರಿದರೆ ಒಂದು ಕಿಡಿ ಸಾಕು. ಲಂಟಾನ ಪರದೇಶದಿಂದ ಅಲಂಕಾರಕ್ಕೆಂದು ತಂದ ಗಿಡ. ಅದು ಬೆಳೆದಲ್ಲಿ ಹುಲ್ಲು ಬೆಳೆಯದು, ಹುಲ್ಲಿಲ್ಲದಿದ್ದರೆ ಜಿಂಕೆಗೆ ಮೇವಿಲ್ಲ. ವಯನಾಡಿನ ಕಾಡಿನಲ್ಲಿ ಹಳದಿ ಹೂವಿನ ಸೆನ್ನಾ ಮರ ಇದೇ ಕೆಲಸ ಮಾಡುತ್ತಿದೆ. ಕಾಡಿನ ವೈರಿಗಳೆಂದರೆ ಕೋವಿ ಹಿಡಿದ ಕಳ್ಳಬೇಟೆಗಾರರು ಮಾತ್ರವೆಂದು ತಿಳಿದಿದ್ದ ಮಕ್ಕಳಿಗೆ ಅಂದವಾದ ಹೂವಿನ ಗಿಡವೂ ವೈರಿಯಾಗಬಹುದೆಂಬುದು ಹೊಸ ಪಾಠ.

ಗಡಿ ದಾಟುವ ಆನೆ

ಬೆಟ್ಟದ ಮೇಲೆ ನಿಂತು ಇಲ್ಲಿ ಕರ್ನಾಟಕ, ಅಲ್ಲಿ ಕೇರಳ, ಆ ಕಡೆ ತಮಿಳುನಾಡು ಎಂದು ಕೈತೋರಿಸಿ ಹೇಳಬಹುದು, ಗೆರೆಯನ್ನು ತೋರಿಸಲಾಗುವುದಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮಲಬಾರು ಜಿಲ್ಲೆಯೊಂದಿಗೆ ವಯನಾಡು ಕೇರಳಕ್ಕೆ ಹೋಯಿತು. ಗುಂಡ್ಲುಪೇಟೆ ಮೈಸೂರು ರಾಜ್ಯದಲ್ಲಿ, ಮುದುಮಲೆ ಮದರಾಸು ರಾಜ್ಯದಲ್ಲಿ ಉಳಿದುವು. ದಕ್ಷಿಣ ಕನ್ನಡದಿಂದ ಕಾಸರಗೋಡು ಬೇರೆಯಾದದ್ದೂ ಅದೇ ದಿನ. ಗಡಿಯೆಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೆಂಟರ ಮನೆ ಆಚೆ, ನಮ್ಮ ಮನೆ ಈಚೆ. ಅರ್ಜಿ ಒಂದು ಭಾಷೆಯಲ್ಲಿ, ಮಾತು ಇನ್ನೊಂದರಲ್ಲಿ.

ಆದರೆ ಆನೆಗೆ ಈ ಗಡಿ ಇಲ್ಲ. ವಯನಾಡಿನಲ್ಲಿ ಮಳೆ ಹೆಚ್ಚು. ಮೂಡಣಕ್ಕೆ ಹೋದಂತೆ ಮಳೆ ಕಡಿಮೆಯಾಗುತ್ತದೆ, ಬಂಡೀಪುರದ ಮರಗಳು ಬೇಸಗೆಯಲ್ಲಿ ಎಲೆ ಉದುರಿಸಿ ನಿಲ್ಲುತ್ತವೆ, ಕೆರೆಗಳು ಒಣಗುತ್ತವೆ. ಆಗ ಹಿಂಡುಗಳು ಪಡುವಣಕ್ಕೆ ವಯನಾಡಿನ ಕಡೆಗೂ ಉತ್ತರಕ್ಕೆ ಕಬಿನಿಯ ಹಿನ್ನೀರಿನ ಕಡೆಗೂ ನಡೆಯುತ್ತವೆ. ಮಳೆ ಬಿದ್ದು ಹುಲ್ಲು ಚಿಗುರಿದಾಗ ಹಿಂದೆ ಬರುತ್ತವೆ. ಆ ಕಬಿನಿಯೂ ವಯನಾಡಿನ ಮಾನಂದವಾಡಿ ಹೊಳೆ ಮತ್ತು ಪನಮರಂ ಹೊಳೆ ಸೇರಿ ಹುಟ್ಟಿ, ಕರ್ನಾಟಕಕ್ಕೆ ಹರಿದು, ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುವಂಥದು. 1986ರಲ್ಲಿ ಈ ಕಾಡುಗಳನ್ನೆಲ್ಲ ಒಳಗೊಂಡ ನೀಲಗಿರಿ ಜೀವಗೋಲ ವಲಯವನ್ನು ಸರಕಾರ ಘೋಷಿಸಿದಾಗ ಕಾಗದದ ಮೇಲೂ ಕಾಡು ಒಂದೇ ಎಂದು ಒಪ್ಪಿದಂತಾಯಿತು.

ಒಪ್ಪಿದರೆ ಸಾಲದು ಎಂಬುದಕ್ಕೆ 2024ರ ಫೆಬ್ರವರಿ ಸಾಕ್ಷಿ. ಹಾಸನ ಜಿಲ್ಲೆಯಲ್ಲಿ ತೊಂದರೆ ಕೊಡುತ್ತಿದ್ದ ದಂತವಿಲ್ಲದ ಗಂಡಾನೆಯೊಂದನ್ನು 2023ರ ನವೆಂಬರಿನಲ್ಲಿ ಹಿಡಿದು, ರೇಡಿಯೋ ಕೊರಳಪಟ್ಟಿ ಕಟ್ಟಿ ಬಂಡೀಪುರದ ಕಾಡಿಗೆ ಬಿಟ್ಟಿದ್ದರು. ನಾವು ಆ ರಸ್ತೆಯಲ್ಲಿ ಹೋದಾಗ ಅದು ಆ ಕಾಡಿನಲ್ಲಿಯೇ ಇತ್ತು. 'ಬೇಲೂರು ಮಖನಾ' ಎಂದು ಹೆಸರಾದ ಆ ಆನೆ ಗಡಿ ದಾಟಿ ಫೆಬ್ರವರಿ 10ರಂದು ಮಾನಂದವಾಡಿಯ ಬಳಿ ಒಬ್ಬನನ್ನು ಅವನ ನೆರೆಮನೆಯ ಅಂಗಳದಲ್ಲಿಯೇ ಕೊಂದಿತು. ಕೊರಳಪಟ್ಟಿಯ ಸಂಕೇತ ಸಕಾಲಕ್ಕೆ ಸಿಗಲಿಲ್ಲವೆಂದು ಕೇರಳದಲ್ಲಿ ದೂರು ಎದ್ದಿತು. ಕರ್ನಾಟಕ ಸರಕಾರ 15 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಅದರ ಮೇಲೂ ರಾಜಕೀಯ ನಡೆದು ಆ ಕುಟುಂಬ ಹಣವೇ ಬೇಡವೆಂದಿತು. ಕೇರಳದ ತಂಡ ದಿನಗಟ್ಟಲೆ ಬೆನ್ನು ಹತ್ತಿದರೂ ಆನೆ ಮತ್ತೆ ಕರ್ನಾಟಕದ ಕಾಡಿಗೆ ಹೋಯಿತು. ಅದಕ್ಕೆ ಒಂದು ವಾರ ಮೊದಲು, ಹೀಗೆಯೇ ಮಾನಂದವಾಡಿ ಪೇಟೆಗೆ ಬಂದಿದ್ದ ಇನ್ನೊಂದು ಆನೆಯನ್ನು ಹಿಡಿದು ಬಂಡೀಪುರಕ್ಕೆ ಸಾಗಿಸಿದ್ದರು. ಮರುದಿನವೇ ಅದು ಸತ್ತುಹೋಯಿತು.

ಆ ಮಾರ್ಚ್ 10ರಂದು ಕೇರಳ ಮತ್ತು ಕರ್ನಾಟಕದ ಅರಣ್ಯ ಸಚಿವರು ಬಂಡೀಪುರದಲ್ಲಿಯೇ ಸೇರಿ ಸುದ್ದಿ ಹಂಚಿಕೊಳ್ಳುವ, ಒಟ್ಟಾಗಿ ಕೆಲಸ ಮಾಡುವ ಒಡಂಬಡಿಕೆಗೆ ಸಹಿ ಹಾಕಿದರು. ತಮಿಳುನಾಡಿನ ಅಧಿಕಾರಿಗಳೂ ಜೊತೆಗಿದ್ದರು. ಒಂದೇ ಕಾಡಿನ ಮೂರು ಕಾವಲುಗಾರರು ಪರಸ್ಪರ ಮಾತಾಡಿಕೊಳ್ಳಬೇಕೆಂಬ ಇಷ್ಟು ಸಣ್ಣ ವಿಷಯಕ್ಕೆ ಮನುಷ್ಯಪ್ರಾಣ ಹೋಗಬೇಕಾಯಿತಲ್ಲ ಎಂಬುದೇ ದುಃಖ.

ರಾತ್ರಿ ಮುಚ್ಚುವ ರಸ್ತೆ

ಗಡಿಯ ಇನ್ನೊಂದು ಜಗಳ ಈ ಕಾಡಿನ ರಸ್ತೆಯದು. ಕೋಳಿಕ್ಕೋಡಿನಿಂದ ಬತ್ತೇರಿ, ಗುಂಡ್ಲುಪೇಟೆ ಹಾದು ಮೈಸೂರಿಗೆ ಹೋಗುವವರ ಹೆದ್ದಾರಿ ಸುಮಾರು ಇಪ್ಪತ್ತು ಕಿಲೋಮೀಟರು ಬಂಡೀಪುರದ ಕಾಡಿನೊಳಗೆ ಹಾದುಹೋಗುತ್ತದೆ. ಲಾರಿಗಳ ಅಡಿಗೆ ಸಿಕ್ಕಿ ಪ್ರಾಣಿಗಳು ಸಾಯುವುದನ್ನು ತಡೆಯಲು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವನ್ನು ನಿಲ್ಲಿಸಲಾಯಿತು. 2010ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕೆಲವು ನಿಗದಿತ ಬಸ್ಸುಗಳಿಗೂ ಆಂಬುಲೆನ್ಸಿನಂಥ ತುರ್ತು ವಾಹನಗಳಿಗೂ ಮಾತ್ರ ವಿನಾಯಿತಿ. ಕೇರಳ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2019ರಲ್ಲಿ ಹಗಲೂ ಮುಚ್ಚಿಯಾರೆಂಬ ಭಯದಿಂದ ಬತ್ತೇರಿಯಲ್ಲಿ ಯುವಕರು ಉಪವಾಸ ಕುಳಿತರು.

ಈ ವಿಷಯದಲ್ಲಿ ಮಲೆಯಾಳ ಪತ್ರಿಕೆಗಳನ್ನು ಓದಿದರೆ ಕರ್ನಾಟಕದ್ದು ಬರೇ ಹಟವೆನಿಸುತ್ತದೆ. ಕರ್ನಾಟಕದ ಪತ್ರಿಕೆಗಳನ್ನು ಓದಿದರೆ ಕೇರಳದವರಿಗೆ ಕಾಡಿನ ಮೇಲೆ ಕರುಣೆಯೇ ಇಲ್ಲವೆನಿಸುತ್ತದೆ. ಎರಡನ್ನೂ ಓದುವವರು ನಾವು, ಗಡಿನಾಡಿನವರು. ವಯನಾಡಿನ ರೋಗಿಗೆ, ವರ್ತಕನಿಗೆ, ಬೆಂಗಳೂರಿನಲ್ಲಿ ಓದುವ ವಿದ್ಯಾರ್ಥಿಗೆ ಆಗುವ ಕಷ್ಟ ಸುಳ್ಳಲ್ಲ. ಗುಂಡ್ಲುಪೇಟೆಯ ರೈತನ ತರಕಾರಿಗೂ ಓಣಂಗೆ ಬೇಕಾದ ಚೆಂಡುಹೂವಿಗೂ ಕೇರಳವೇ ಮಾರುಕಟ್ಟೆ. ಆದುದರಿಂದ ಈ ರಸ್ತೆ ಕನ್ನಡಿಗ ರೈತನ ಅನ್ನದ ದಾರಿಯೂ ಹೌದು. ಇಷ್ಟೆಲ್ಲ ಇದ್ದರೂ ನಮ್ಮ ಅಭಿಪ್ರಾಯ ಇದು: ಹಗಲಿನ ಹದಿನೈದು ಗಂಟೆಗಳ ಕಾಲ ಆ ರಸ್ತೆ ನಮ್ಮದಾಗಿರುವಾಗ ರಾತ್ರಿಯ ಒಂಬತ್ತು ಗಂಟೆಗಳನ್ನು ಪ್ರಾಣಿಗಳಿಗೆ ಬಿಟ್ಟುಕೊಡುವುದು ದೊಡ್ಡ ತ್ಯಾಗವಲ್ಲ. ಕತ್ತಲಾದ ಮೇಲೆ ನೀರಿಗೆ ಹೊರಟ ಹಿಂಡು ಲಾರಿಯ ಬೆಳಕಿಗೆ ಬೆದರಿ ದಾರಿ ಬದಲಿಸಿದರೆ ಅದು ಹೋಗುವುದು ಯಾರದೋ ತೋಟಕ್ಕೆ. ಕಾಡಿನೊಳಗಿನ ಶಾಂತಿಗೂ ಕಾಡಂಚಿನ ರೈತನ ನೆಮ್ಮದಿಗೂ ಸಂಬಂಧವಿದೆ. ಆದರೆ ವಯನಾಡಿನವರಿಗೆ ಬದಲಿ ದಾರಿಯನ್ನು ಚೆನ್ನಾಗಿ ಮಾಡಿಕೊಡುವುದು ಎರಡು ಸರಕಾರಗಳ ಹೊಣೆ. ಅದನ್ನು ಮಾಡದೆ ನಿಯಮದ ಮಾತಾಡಿದರೆ ಜನ ಒಪ್ಪುವುದು ಕಷ್ಟ.

ಕಾಡಿನ ಮನುಷ್ಯರು

ಕಾಡಿಗೆ ಹೋದವರು ಮರೆಯಬಾರದ ಇನ್ನೊಂದು ಮಾತಿದೆ. ಈ ಕಾಡಿನಲ್ಲಿ ಪ್ರಾಣಿಗಳೊಂದಿಗೆ ಮನುಷ್ಯರೂ ಬದುಕಿ ಬಂದಿದ್ದಾರೆ. ಕರ್ನಾಟಕದಲ್ಲಿ ಜೇನುಕುರುಬರೆಂದು ಕರೆಸಿಕೊಳ್ಳುವವರೇ ಕೇರಳದಲ್ಲಿ ಕಾಟ್ಟುನಾಯ್ಕರು. ಅವರ ಮಾತು ಕನ್ನಡಕ್ಕೆ ಹತ್ತಿರದ್ದು. ಮುತ್ತಂಗದಲ್ಲಿ ಇಬ್ಬರು ಕಾವಲುಗಾರರು ತಮ್ಮೊಳಗೆ ಮಾತಾಡುತ್ತಿದ್ದುದು ಅರ್ಧಕ್ಕರ್ಧ ನಮಗೆ ತಿಳಿಯಿತು. ನಾವು ಕನ್ನಡದಲ್ಲಿ ಮಾತಾಡಿಸಿದಾಗ ಅವರ ಮುಖ ಅರಳಿತು. ಕಾಡಿನ ಜಾಡು ಓದುವುದರಲ್ಲಿ, ಆನೆಯನ್ನು ಪಳಗಿಸುವುದರಲ್ಲಿ ಇವರಿಗೆ ಸಮಾನರಿಲ್ಲ. ಹಾಗಿದ್ದೂ ಕಾಡನ್ನು ಕಾಯ್ದಿಡುವ ಯೋಜನೆಗಳು ಬಂದಾಗ ಮೊದಲು ಎಬ್ಬಿಸಲ್ಪಟ್ಟವರೂ ಇವರೇ.

ಮುತ್ತಂಗದ ಹೆಸರು ಕೇರಳದ ಚರಿತ್ರೆಯಲ್ಲಿ ಇನ್ನೊಂದು ಕಾರಣಕ್ಕೂ ಉಳಿದಿದೆ. ಕೊಡುವೆವೆಂದ ಭೂಮಿ ಸಿಗದಿದ್ದಾಗ ಆದಿವಾಸಿ ಕುಟುಂಬಗಳು ಸಿ.ಕೆ. ಜಾನು ಮತ್ತು ಎಂ. ಗೀತಾನಂದನ್ ಅವರ ನೇತೃತ್ವದಲ್ಲಿ ಈ ಕಾಡಿಗೆ ಬಂದು ಗುಡಿಸಲು ಕಟ್ಟಿದರು. 2003ರ ಫೆಬ್ರವರಿ 19ರಂದು ಅವರನ್ನು ಎಬ್ಬಿಸಲು ನಡೆದ ಪೋಲೀಸು ಕಾರ್ಯಾಚರಣೆಯಲ್ಲಿ ಗುಂಡು ಹಾರಿತು. ಒಬ್ಬ ಆದಿವಾಸಿಯೂ ಒಬ್ಬ ಪೋಲೀಸನೂ ಆ ದಿನ ಪ್ರಾಣ ಕಳೆದುಕೊಂಡರು. ಹತ್ತನೆಯ ತರಗತಿಯ ಹುಡುಗನೊಬ್ಬ, "ಪ್ರಾಣಿಗಳಿಗೆ ಜಾಗ ಇದೆಯಲ್ಲ ಸರ್, ಇವರಿಗೆ ಯಾಕೆ ಇಲ್ಲ?" ಎಂದು ಕೇಳಿದ. ಒಂದೇ ಮಾತಿನ ಉತ್ತರ ನಮ್ಮಲ್ಲಿ ಇರಲಿಲ್ಲ. ಮಕ್ಕಳ ಬಾಯಿಯಿಂದ ಇಂಥ ಪ್ರಶ್ನೆ ಹುಟ್ಟಿದರೆ ಪ್ರವಾಸಕ್ಕೆ ಮಾಡಿದ ಖರ್ಚು ಸಾರ್ಥಕವೆಂದೇ ನಾವು ತಿಳಿಯುತ್ತೇವೆ.

ಹೋಗುವವರಿಗೆ ಕೆಲವು ಮಾತು

ಹೊರಡುವ ಮೊದಲು ಸಫಾರಿ ಇದೆಯೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಅಗತ್ಯ. ಕಾಡಂಚಿನ ಹಳ್ಳಿಗಳಲ್ಲಿ ರೈತರು ಹುಲಿಗೆ ಬಲಿಯಾದಾಗ, 2025ರ ನವೆಂಬರಿನಲ್ಲಿ, ಕರ್ನಾಟಕ ಸರಕಾರ ಬಂಡೀಪುರ ಮತ್ತು ನಾಗರಹೊಳೆಗಳಲ್ಲಿ ಸಫಾರಿಯನ್ನು ನಿಲ್ಲಿಸಿತ್ತು. ಬೇಸಗೆಯಲ್ಲಿ ಬೆಂಕಿಯ ಭಯದಿಂದಲೂ ಪ್ರವೇಶ ನಿಲ್ಲಿಸುವುದುಂಟು. ಸಫಾರಿ ಇಲ್ಲವೆಂದು ಕೋಪಿಸಬಾರದು. ಅಲ್ಲಿಯ ಸಿಬ್ಬಂದಿ ಪ್ರವಾಸಿಗರ ಬಸ್ಸು ಓಡಿಸುವ ಬದಲು ಹಳ್ಳಿಗಳನ್ನು ಕಾಯುತ್ತಿದ್ದಾರೆಂದು ತಿಳಿದರಾಯಿತು.

ಮಳೆ ಮುಗಿದು ಹಸುರು ಇನ್ನೂ ಇರುವ ಅಕ್ಟೋಬರಿನಿಂದ ಜನವರಿಯ ತನಕ ಕುಟುಂಬಗಳಿಗೆ ಒಳ್ಳೆಯ ಕಾಲ. ಮಕ್ಕಳಿಗೆ ಬೆಚ್ಚಗಿನ ಉಡುಪು ಇರಲಿ. ಬಟ್ಟೆಗಳು ಮಣ್ಣಿನ, ಎಲೆಯ ಬಣ್ಣದವಾದರೆ ಉತ್ತಮ. ಬುತ್ತಿಯನ್ನು ಗುಂಡ್ಲುಪೇಟೆಯಲ್ಲಿಯೋ ವಸತಿಯಲ್ಲಿಯೋ ಉಂಡು ಮುಗಿಸಿ. ಕಾಡಿನ ರಸ್ತೆಯ ಬದಿಯಲ್ಲಿ ವಾಹನ ನಿಲ್ಲಿಸಬಾರದು, ಮಂಗಗಳಿಗೆ ತಿಂಡಿ ಎಸೆಯಬಾರದು. ತಿಂಡಿಯ ರುಚಿ ಹತ್ತಿದ ಮಂಗ ರಸ್ತೆಯನ್ನು ಬಿಡದು, ಒಂದು ದಿನ ಚಕ್ರದ ಅಡಿಗೆ ಬೀಳುತ್ತದೆ. ಗಂಡಸರು ಬೀಡಿ, ಸಿಗರೇಟನ್ನು ಆ ಎರಡು ದಿನ ಮನೆಯಲ್ಲಿಯೇ ಬಿಟ್ಟುಬಂದರೆ ಕಾಡಿಗೂ ಅವರಿಗೂ ಕ್ಷೇಮ.

ಫೋನಿನಲ್ಲಿ ಚಿತ್ರ ತೆಗೆಯುವ ಹುಚ್ಚಿನ ಕುರಿತು ಒಂದು ಎಚ್ಚರಿಕೆ. 2025ರ ಆಗಸ್ಟಿನಲ್ಲಿ ಬಂಡೀಪುರದ ರಸ್ತೆಯಲ್ಲಿ ಆನೆಯೊಂದಿಗೆ ಸೆಲ್ಫಿ ತೆಗೆಯಲು ಇಳಿದವನೊಬ್ಬನನ್ನು ಆನೆ ಅಟ್ಟಿಸಿ ಕೆಡವಿತು. ಅವನು ಬದುಕಿ ಉಳಿದದ್ದು ಪುಣ್ಯ. ಇಲಾಖೆ ಅವನಿಗೆ 25,000 ರೂಪಾಯಿ ದಂಡ ಹಾಕಿತು. ಮಕ್ಕಳು ದೊಡ್ಡವರನ್ನು ನೋಡಿ ಕಲಿಯುತ್ತಾರೆ. ಬಸ್ಸಿನಲ್ಲಿ ಹೆತ್ತವರು ಸುಮ್ಮನಿದ್ದರೆ ಮಕ್ಕಳೂ ಸುಮ್ಮನಿರುತ್ತಾರೆ.

ಮನೆಗೆ ಬಂದ ಮೇಲೆ ಮಕ್ಕಳಿಂದ ಎರಡು ಪುಟ ಬರೆಸಿ. ಯಾವ ಪ್ರಾಣಿಯನ್ನು ಕಂಡೆವೆಂಬ ಪಟ್ಟಿ ಬೇಡ. ಯಾವ ಸದ್ದು ಕೇಳಿಸಿತು, ಯಾವ ಮರದ ಹೆಸರು ಹೊಸತಾಗಿ ತಿಳಿಯಿತು, ಯಾರೊಡನೆ ಮಾತಾಡಿದೆವು ಎಂದು ಬರೆಯಲಿ, ಕನ್ನಡದಲ್ಲಿಯೇ ಬರೆಯಲಿ. ಸಹಪಾಠಿಯಾದ ಮಲೆಯಾಳಿ ಮಿತ್ರನಿಗೆ ಅದನ್ನು ಮಲೆಯಾಳದಲ್ಲಿಯೂ ಹೇಳಲಿ. ಆನೆಯ ವಿಷಯದಲ್ಲಿ ಆಚೆಯವರ ದೂರನ್ನೂ ಈಚೆಯವರ ದೂರನ್ನೂ ಕೇಳಿ ಅರ್ಥ ಮಾಡಿಕೊಳ್ಳಬಲ್ಲ ಮಕ್ಕಳು ನಮ್ಮ ಗಡಿನಾಡಿನಲ್ಲಿದ್ದಾರೆ. ಮುಂದೆ ಇವರಲ್ಲಿ ಒಬ್ಬನೋ ಒಬ್ಬಳೋ ಅರಣ್ಯಾಧಿಕಾರಿಯಾಗಿ ಮೂಲೆಹೊಳೆಯ ಗೇಟಿನ ಯಾವ ಬದಿಯಲ್ಲಿ ನಿಂತರೂ ಆ ಕಾಡಿಗೆ ಒಳ್ಳೆಯದಾದೀತು.